ಕಾಫಿಯ ಪರಿಮಳವೂ ಬೀಸುವ ಕೈಯೂ

ಬೆಳಗಿನ ಝಾವದಲ್ಲಿ ಎದ್ದು ಮುಖಮಾರ್ಜನವನ್ನು ಮುಗಿಸಿ ಒಂದು ಲೋಟ ಕಾಫಿಯನ್ನು ಸೇವಿಸಿದ ಹೊರತು ನಮ್ಮ ನಾಡಿನ ಬಹುಮಂದಿ ಗೃಹಸ್ಥರಿಗೆ ದಿನವು ಪ್ರಾರಂಭವಾದಂತೆಯೇ ತೋರುವುದಿಲ್ಲವೆಂಬುದು ಸರ್ವವಿದಿತವಾದ ಸಂಗತಿ. ಅಮರಸಿಂಹನ ಕೋಶವನ್ನು ಮೊದಲಿನಿಂದ ಕೊನೆಯವರೆಗೆ ಕಂಠಪಾಠ ಮಾಡಿದವರಿಗೂ ಈ ಪಾನೀಯಕ್ಕೆ ಒಂದು ಹೆಸರು ಅದರಲ್ಲಿ ದೊರೆಯಲಾರದು. ಕಪಿ ಎಂಬ ಶಬ್ದದಿಂದ ಪಾಣಿನೀಯ ವ್ಯಾಕರಣದ ಪ್ರಕಾರ ಸಿದ್ಧಿಸುವ ‘ಕಾಪೇಯ’ವೆಂಬ ಪದವೇನೋ ಉಂಟು, ಆದರೆ ಅದಕ್ಕೆ ಕಪಿಯ ಸ್ವಭಾವ, ಕಪಿಚೇಷ್ಟೆ ಎಂದು ಅರ್ಥ. ಕಾಫಿಯು ಹತ್ತು ನಿಮಿಷ ತಡವಾದ ದಿನ ಮನೆಯ ಯಜಮಾನರ ನಡತೆಗೆ ಆ ಪದವು ಚೆನ್ನಾಗಿ ಒಪ್ಪುವುದೆಂದು ತರಗತಿಯಲ್ಲಿ ನಾವು ಹೇಳಿ ಹುಡುಗರನ್ನು ನಗಿಸುತ್ತಿದ್ದುದುಂಟು. ಹಾಗೆ ನಗಿಸುತ್ತಿದ್ದ ನಾವೇ ಆ ಯಜಮಾನರಲ್ಲಿ ಒಬ್ಬರಾಗಿದ್ದೆವೆಂಬುದನ್ನು ಹುಡುಗರಿಗೆ ಹೇಳಿರಲಿಲ್ಲ. ಈಗ ಕೆಲಸದಿಂದ ನಿವೃತ್ತರಾಗಿ ಮನೆಯಲ್ಲಿರುವ ಕಾಲದಲ್ಲಿ ವಾಚಕರ ಮುಂದೆ ಅದನ್ನು ಒಪ್ಪಿಕೊಂಡು, ಕಾಫಿಯ ಬೀಜವನ್ನು ಮನೆಯಲ್ಲಿಯೇ ಆಗಿಂದಾಗ ಪುಡಿಮಾಡಿಕೊಳ್ಳುವುದರ ಗುಣವೇನು, ಅದರ ವಿಧಾನವೇನು, ಆ ಶ್ರಮವು ಯಾರಿಗೆ ಸೇರತಕ್ಕದ್ದು ಎಂಬ ಮೂರು ವಿಷಯಗಳನ್ನು ಕುರಿತು ಒಂದೆರಡು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಕಾಫಿಯು ಹೊರದೇಶದಿಂದ ಬಂದುದಾದರೂ ಅದು ನಮ್ಮ ನಾಡನ್ನೇ ಮನೆಯಾಗಿ ಮಾಡಿಕೊಂಡಿದೆ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಾಧುಪುರುಷರು ಮೆಕ್ಕಾ ಯಾತ್ರೆಯಿಂದ ಹಿಂದಿರುಗುವಾಗ ಯೆಮನ್ ದೇಶದ ಮೋಖಾ ಬಂದರಿನಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಬಳಿಯ ಗಿರಿಯಲ್ಲಿ ಬಿತ್ತಿದರೆಂದು ಐತಿಹ್ಯವುಂಟು. ಚಂದ್ರದ್ರೋಣ ಪರ್ವತವೆಂಬ ಹೆಸರಿನ ಆ ಶ್ರೇಣಿಯು ಇಂದಿಗೂ ಅವರ ಹೆಸರಿನಿಂದಲೂ ಕರೆಯಲ್ಪಡುತ್ತಿದೆ. ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ಕರ್ಣಾಟಕದ ಕೊಡಗು, ಚಿಕ್ಕಮಗಳೂರು, ಹಾಸನ ಈ ಮೂರು ಜಿಲ್ಲೆಗಳಿಂದಲೇ ಬರುತ್ತದೆ. ಭದ್ರಾ ನದಿಯ ದಡದ ಬಾಳೆಹೊನ್ನೂರಿನಲ್ಲಿ ೧೯೨೫ರಲ್ಲಿ ಮೊದಲಾದ ಕಾಫಿ ಸಂಶೋಧನೆಯು ಈಗಲೂ ನಡೆಯುತ್ತಿದೆ. ೧೯೪೨ರ ಕಾಯಿದೆಯಂತೆ ಏರ್ಪಟ್ಟ ಕಾಫಿ ಮಂಡಲಿಯ ಕಚೇರಿಯು ಬೆಂಗಳೂರಿನಲ್ಲಿಯೇ ಇದೆ. ಇಷ್ಟೆಲ್ಲ ಇದ್ದರೂ, ಆ ಬೆಟ್ಟಗಳಿಂದ ಅರ್ಧ ದಿನದ ಪ್ರಯಾಣದಷ್ಟು ದೂರದಲ್ಲಿರುವ ನಮ್ಮಂಥವರ ಮನೆಗಳಲ್ಲಿ ತಿಂಗಳುಗಟ್ಟಲೆ ಹಿಂದೆ ಪುಡಿಯಾಗಿ, ಪೊಟ್ಟಣದಲ್ಲಿ ಕುಳಿತು ಕುಳಿತು ಪರಿಮಳವನ್ನು ಕಳೆದುಕೊಂಡ ಕಾಫಿಯೇ ಹೆಚ್ಚಾಗಿ ಬಳಕೆಯಲ್ಲಿರುವುದು ವಿಷಾದಕರ. ತೆಂಗಿನ ತೋಟದಲ್ಲಿ ವಾಸಮಾಡುತ್ತ ಕಮಟು ಕೊಬ್ಬರಿಯನ್ನು ತಿಂದಂತಾಯಿತಷ್ಟೆ!

ಈ ಪರಿಮಳವೆಂಬುದು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದನ್ನು ಸ್ವಲ್ಪ ವಿಚಾರಿಸೋಣ. ತೋಟದಿಂದ ಬಂದು ಒಣಗಿದ ಹಸಿಯ ಬೀಜವನ್ನು ಮೂಸಿದರೆ ಅದರಲ್ಲಿ ಕಾಫಿಯ ವಾಸನೆಯ ಲೇಶವೂ ಇರುವುದಿಲ್ಲ. ಹಸಿಯ ಬಟಾಣಿಯ ಅಥವಾ ಒಣ ಹುಲ್ಲಿನ ವಾಸನೆಯಂತಿರುವುದು. ಅದನ್ನು ಹುರಿಯುತ್ತ ಹೋದಂತೆ ಹಸಿರು ಬಣ್ಣವು ಹಳದಿಗೂ ಹಳದಿಯು ಕಂದಿಗೂ ತಿರುಗುವುದು. ಶಾಖವು ಸುಮಾರು ೨೦೦ ಡಿಗ್ರಿ ಸೆಂಟಿಗ್ರೇಡಿಗೆ ಬಂದಾಗ ಬೀಜವು ಚಟಪಟನೆ ಸಿಡಿದು ಉಬ್ಬುವುದು. ಆ ವೇಳೆಗೆ ಅದರೊಳಗಿನ ಸಕ್ಕರೆಯ ಅಂಶವೂ ಸಸಾರಜನಕದ ಅಂಶವೂ ಒಂದರೊಡನೊಂದು ಬೆರೆತು ನೂರಾರು ಬಗೆಯ ಸುಗಂಧದ್ರವ್ಯಗಳು ಹುಟ್ಟಿರುತ್ತವೆ. ರಸಾಯನಶಾಸ್ತ್ರಜ್ಞರು ಇಂತಹ ದ್ರವ್ಯಗಳನ್ನು ಎಂಟುನೂರಕ್ಕೂ ಮೇಲ್ಪಟ್ಟು ಗುರುತಿಸಿದ್ದಾರೆ. ಹುರಿಯುವಾಗ ಬೀಜದ ತೂಕದಲ್ಲಿ ನೂರಕ್ಕೆ ಹದಿನೈದರಿಂದ ಇಪ್ಪತ್ತು ಪಾಲು ಕಡಿಮೆಯಾಗುವುದು. ಅದರೊಳಗೆ ಇಂಗಾಲಾಮ್ಲ ವಾಯುವು ತುಂಬಿಕೊಳ್ಳುವುದು. ಹುರಿದ ಬೀಜವೆಂದರೆ ಹೀಗೆ ವಾಯುವನ್ನೂ ಸುಗಂಧವನ್ನೂ ಒಳಗೆ ಹಿಡಿದಿಟ್ಟುಕೊಂಡ ಒಂದು ಸಣ್ಣ ಭರಣಿ. ಅದರ ಗೋಡೆಯು ಮುರಿಯದೆ ಇರುವವರೆಗೆ ಒಳಗಿನ ಸಂಪತ್ತು ನಿಧಾನವಾಗಿ ಮಾತ್ರ ಹೊರಬೀಳುವುದು.

ಪುಡಿಮಾಡುವುದೆಂದರೆ ಆ ಭರಣಿಯನ್ನು ಒಡೆದಂತೆ. ಇದಕ್ಕೆ ಒಂದು ಸುಲಭವಾದ ಲೆಕ್ಕವನ್ನು ಹೇಳುತ್ತೇವೆ. ಎಲ್ಲ ಕಡೆಯೂ ಒಂದು ಸೆಂಟಿಮೀಟರು ಉದ್ದವಿರುವ ಬೆಲ್ಲದ ಒಂದು ತುಂಡನ್ನು ಊಹಿಸಿಕೊಳ್ಳಿರಿ. ಅದರ ಆರು ಮುಖಗಳೂ ಸೇರಿ ಗಾಳಿಗೆ ತೆರೆದಿರುವ ಭಾಗವು ೬ ಚದರ ಸೆಂಟಿಮೀಟರು. ಅದನ್ನೇ ಅರ್ಧ ಮಿಲಿಮೀಟರಿನ ಕಣಗಳಾಗಿ ಕತ್ತರಿಸಿದರೆ ೮,೦೦೦ ಕಣಗಳಾಗುವುವು. ಅವುಗಳ ಮುಖಗಳನ್ನೆಲ್ಲ ಕೂಡಿದರೆ ೧೨೦ ಚದರ ಸೆಂಟಿಮೀಟರಾಗುವುದು. ಪದಾರ್ಥವು ಅಷ್ಟೇ, ಗಾಳಿಯು ಮುಟ್ಟುವ ಭಾಗವು ಮಾತ್ರ ಇಪ್ಪತ್ತು ಪಟ್ಟು. ಕಾಫಿಯ ಪುಡಿಗೂ ಇದೇ ನ್ಯಾಯ. ಅದರ ಒಳಗಿನ ವಾಯುವು ಕೆಲವು ನಿಮಿಷಗಳಲ್ಲಿಯೇ ಬಹುಭಾಗ ಹೊರಟುಹೋಗುವುದು. ಹೋಗುವಾಗ ಹಗುರವಾದ ಸುಗಂಧಗಳನ್ನು ತನ್ನೊಡನೆ ಕರೆದೊಯ್ಯುವುದು. ಉಳಿದ ಎಣ್ಣೆಯ ಅಂಶವನ್ನು ಹೊರಗಿನ ಪ್ರಾಣವಾಯುವು ಸೋಕಿ ಮುಗ್ಗಲು ಮಾಡುವುದು.

ಗಂಧವು ಪೃಥಿವಿಯ ವಿಶೇಷ ಗುಣವೆಂದೂ, ಗಾಳಿಯಲ್ಲಿ ನಮಗೆ ತೋರುವ ಪರಿಮಳವು ಗಾಳಿಯದಲ್ಲ, ಅದರೊಡನೆ ಹಾರಿಬಂದ ಪಾರ್ಥಿವ ಕಣಗಳದೆಂದೂ ನಮ್ಮ ತಾರ್ಕಿಕರು ಬಹುಕಾಲದ ಹಿಂದೆಯೇ ನಿರ್ಣಯಿಸಿದ್ದರು. ಆ ಮಾತನ್ನು ಕಾಫಿಗೆ ಅನ್ವಯಿಸಿ ನೋಡಿದರೆ ಒಂದು ಮುಖ್ಯವಾದ ತತ್ತ್ವವು ಹೊಳೆಯುತ್ತದೆ. ಪುಡಿಮಾಡುವ ಅಂಗಡಿಯ ಮುಂದೆ ಹಾದುಹೋಗುವಾಗ ನಾವು ನಿಂತು, “ಆಹಾ, ಎಂಥ ಘಮ!” ಎನ್ನುತ್ತೇವಷ್ಟೆ? ಆ ಘಮವು ಬೀಜದಿಂದ ಬಿಟ್ಟುಹೋದ ಕಣಗಳೇ. ಬೀದಿಯವರ ಮೂಗಿಗೆ ಬಂದುದು ಇನ್ನು ಯಾರ ಲೋಟಕ್ಕೂ ಬರಲಾರದು. ಆದುದರಿಂದ ಬೀಜವನ್ನು ಒಡೆಯುವುದಕ್ಕೂ ಅದರ ಮೇಲೆ ಬಿಸಿನೀರನ್ನು ಎರೆಯುವುದಕ್ಕೂ ನಡುವಣ ಕಾಲವು ಎಷ್ಟು ಕಡಿಮೆಯಾಗುವುದೋ ಅಷ್ಟು ಪರಿಮಳವು ನಮ್ಮ ಪಾಲಿಗೆ ಉಳಿಯುವುದು. ಮನೆಯಲ್ಲಿ ಆಗಿಂದಾಗ ಬೀಸಿಕೊಳ್ಳಬೇಕೆಂಬುದಕ್ಕೆ ಕಾರಣವು ಇದೊಂದೇ.

ಹಳಸಿದ ಪುಡಿಯಲ್ಲಿ ಕಾಫಿಯ ಕಹಿಯೂ ಎಚ್ಚರಗೊಳಿಸುವ ಅಂಶವಾದ ಕೆಫೀನೂ ಹಾಗೆಯೇ ಇರುತ್ತವೆ. ಹೋಗುವುದು ಪರಿಮಳ ಮಾತ್ರ. ಈ ಕಾರಣದಿಂದಲೇ ಜನರು ಮೋಸಹೋಗುವರು. ಅಭ್ಯಾಸದ ಅಮಲು ತೀರುವುದರಿಂದ ಕಾಫಿಯು ಸರಿಯಾಗಿಯೇ ಇದೆಯೆಂದು ಭಾವಿಸಿ, ಏನೋ ಕೊರತೆಯಾಗಿದೆಯೆಂದು ತೋರಿದಾಗ ಒಂದು ಚಮಚ ಪುಡಿಯನ್ನೂ ಒಂದು ಚಮಚ ಸಕ್ಕರೆಯನ್ನೂ ಹೆಚ್ಚಾಗಿ ಸುರಿಯುವರು. ಕೊರತೆಯಂತೂ ತುಂಬದು, ಖರ್ಚು ಮಾತ್ರ ಏರುವುದು.

ನಮ್ಮ ಅಜ್ಜಿಯ ಮನೆಯು ಸಕಲೇಶಪುರದ ಕಡೆಯ ಒಂದು ಹಳ್ಳಿಯಲ್ಲಿದ್ದಿತು. ಇದ್ದಲಿನ ಒಲೆಯ ಮೇಲೆ ದಪ್ಪತಳದ ಕಬ್ಬಿಣದ ಬಾಣಲೆಯನ್ನಿಟ್ಟು, ವಾರಕ್ಕೆ ಬೇಕಾಗುವಷ್ಟು ಬೀಜವನ್ನು ಹಾಕಿ, ಮರದ ಸೌಟಿನಿಂದ ಕೈಬಿಡದೆ ಕೆದಕುತ್ತ ಆಕೆ ಕುಳಿತಿರುತ್ತಿದ್ದ ಚಿತ್ರವು ಇನ್ನೂ ನಮ್ಮ ಕಣ್ಣಮುಂದೆ ಇದೆ. ಬೀಜವು ಸಿಡಿಯುವ ಸದ್ದನ್ನು ಕೇಳಿಯೇ ಹದವನ್ನು ನಿರ್ಣಯಿಸುತ್ತಿದ್ದಳು. ಬಣ್ಣವು ಬಂದೊಡನೆ ಬಾಣಲೆಯಲ್ಲಿ ಒಂದು ಕ್ಷಣವೂ ಬಿಡದೆ ಮೊರದ ಮೇಲೆ ಹರಡಿ, ಬೀಸಣಿಗೆಯಿಂದ ಗಾಳಿ ಹಾಕಿ, ಹಾರುವ ಹೊಟ್ಟನ್ನು ಕೇರಿ ತೆಗೆದು ಆರಿಸುತ್ತಿದ್ದಳು. ಒಳಗಿನ ಶಾಖದಿಂದಲೇ ಬೀಜವು ಇನ್ನೂ ಕರಿದಾಗುತ್ತ ಹೋಗುವುದೆಂಬುದು ಯಾವ ಪುಸ್ತಕವನ್ನೂ ಓದದ ಆಕೆಗೆ ತಿಳಿದಿದ್ದಿತು. “ಹುರಿದದ್ದು ವಾರಕ್ಕೆ, ಪುಡಿ ಮಾಡಿದ್ದು ಹೊತ್ತಿಗೆ” ಎಂಬುದು ಆಕೆಯ ಮಾತು. ನೆಂಟರು ಎಷ್ಟು ಹೊತ್ತಿಗೆ ಬಂದರೂ ಅವರು ಕಾಲು ತೊಳೆದುಕೊಳ್ಳುವಷ್ಟರಲ್ಲಿ ಒಳಗಿನಿಂದ ಕೈಯಂತ್ರದ ಗರಗರ ಸದ್ದು ಕೇಳುತ್ತಿದ್ದಿತು. ಎರಕದ ಕಬ್ಬಿಣದ ಆ ಯಂತ್ರವನ್ನು ಅಡುಗೆಯ ಮನೆಯ ಕಿಟಕಿಯ ಹಲಗೆಗೆ ತಿರುಪಿನಿಂದ ಬಿಗಿದಿದ್ದರು. ಅಜ್ಜಿಯ ಕಾಲಾನಂತರ ಅದು ನಮ್ಮ ತಾಯಿಯವರಿಗೆ ಬಂದು, ಅವರಿಂದ ನಮ್ಮ ಗೃಹಿಣಿಯ ಕೈಗೆ ಬಂದಿತು. ಮೂರು ತಲೆಮಾರಿನಲ್ಲಿಯೂ ಅದರ ಹಿಡಿಯನ್ನು ಹಿಡಿದವರೆಲ್ಲ ಹೆಂಗಸರೇ. ಇದನ್ನು ನಾವು ಅರುವತ್ತು ವರ್ಷಗಳ ಕಾಲ ಕಣ್ಣಿನಿಂದ ನೋಡಿದ್ದೆವು, ಮನಸ್ಸಿನಿಂದ ನೋಡಿರಲಿಲ್ಲ.

ನಮ್ಮ ಸಂಸಾರದಲ್ಲಿ ಮೂವತ್ತು ವರ್ಷಗಳ ಕಾಲ ನಡೆದ ಕ್ರಮವು ಹೀಗಿದ್ದಿತು. ಬೆಳಗಿನ ಐದು ಘಂಟೆಗೆ ಒಳಗೆ ಯಂತ್ರವು ತಿರುಗುವುದು. ನಾವು ಹೊರಗಿನ ಜಗುಲಿಯಲ್ಲಿ ಕುಳಿತು ಅಂದಿನ ಪಾಠವನ್ನೋ ವೃತ್ತಪತ್ರಿಕೆಯನ್ನೋ ನೋಡುತ್ತಿರುವುದು. ಸ್ವಲ್ಪ ಹೊತ್ತಿನ ಮೇಲೆ ಲೋಟವು ಬರುವುದು. ಮೊದಲ ಗುಟುಕನ್ನು ಕುಡಿದು, “ಇಂದು ಪುಡಿ ಸ್ವಲ್ಪ ದಪ್ಪವಾಯಿತು” ಎಂದೋ, “ಇಂದು ಪರವಾಗಿಲ್ಲ” ಎಂದೋ ಪರೀಕ್ಷಾಧಿಕಾರಿಯಂತೆ ನಾವು ತೀರ್ಪನ್ನು ಕೊಡುವುದು. ಬಂದವರ ಮುಂದೆಲ್ಲ ನಮ್ಮ ಮನೆಯ ಕಾಫಿಯನ್ನು ಹೊಗಳಿ, ಪೊಟ್ಟಣದ ಪುಡಿಯನ್ನು ಬಳಸುವವರನ್ನು ರಸಜ್ಞರಲ್ಲವೆಂದು ಹಳಿಯುವುದು ನಮಗೆ ಅಭ್ಯಾಸವಾಗಿಹೋಗಿದ್ದಿತು.

ಎರಡು ವರ್ಷಗಳ ಹಿಂದೆ, ದೀಪಾವಳಿಗೆ ಮನೆಯನ್ನು ತೊಳೆಯುತ್ತಿದ್ದ ದಿನ, ನಮ್ಮ ಗೃಹಿಣಿಯು ಹಿತ್ತಿಲಿನ ಒದ್ದೆ ಕಲ್ಲಿನ ಮೇಲೆ ಜಾರಿಬಿದ್ದು ಬಲಗೈಯ ಮಣಿಕಟ್ಟಿನ ಮೂಳೆಯನ್ನು ಮುರಿದುಕೊಂಡಳು. ವೈದ್ಯರು ಆರು ವಾರಗಳ ಕಾಲ ಕಟ್ಟನ್ನು ಹಾಕಿದರು. ಅಡುಗೆಗೆ ಪಕ್ಕದ ಬೀದಿಯ ಹೆಂಗಸೊಬ್ಬರು ಬಂದುಹೋಗುವ ಏರ್ಪಾಡಾಯಿತು. ಕಾಫಿಗೆ ಪೊಟ್ಟಣದ ಪುಡಿಯು ಬಂದಿತು. ಮೊದಲ ದಿನ ನಾವು ಏನನ್ನೂ ಹೇಳಲಿಲ್ಲ. ಎರಡನೆಯ ದಿನ ಮುಖವನ್ನು ಗಂಟುಹಾಕಿಕೊಂಡೆವು. ಮೂರನೆಯ ದಿನ ತಡೆಯಲಾರದೆ, “ಇದೇನು, ಕಾಫಿಯೋ ಕಷಾಯವೋ?” ಎಂದು ಕೇಳಿಯೇಬಿಟ್ಟೆವು.

ಗೃಹಿಣಿಯು ಕಟ್ಟುಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಆಕೆಗೆ ಕೋಪವೇನೂ ಬರಲಿಲ್ಲ. “ಬೀಜ ಡಬ್ಬಿಯಲ್ಲಿದೆ. ಯಂತ್ರ ಕಿಟಕಿಯ ಹತ್ತಿರವೇ ಇದೆ. ನಿಮ್ಮ ಎರಡು ಕೈಯೂ ನೆಟ್ಟಗಿವೆಯಲ್ಲ” ಎಂದಳು.

ಇದಕ್ಕೆ ಉತ್ತರವಾಗಿ ಹೇಳತಕ್ಕ ಮಾತು ಯಾವ ಶಾಸ್ತ್ರದಲ್ಲಿಯೂ ನಮಗೆ ದೊರೆಯಲಿಲ್ಲ. ಮರುದಿನ ಐದು ಘಂಟೆಗೆ ಎದ್ದು ನಾವೇ ಯಂತ್ರದ ಮುಂದೆ ನಿಂತೆವು. ಆಲಿಕೆಯ ತುಂಬ ಬೀಜವನ್ನು ಸುರಿದು ರಭಸದಿಂದ ತಿರುಗಿಸಲು ಅರ್ಧ ಬೀಜಗಳು ನೆಲದ ಮೇಲೆ ಕುಣಿದವು. ಪುಡಿಯಾದುದು ಒಡೆದ ಮೆಣಸಿನಂತೆ ಒರಟಾಗಿದ್ದಿತು. ಡಿಕಾಕ್ಷನ್ ಚಹದಂತೆ ತೆಳುವಾಗಿ ಇಳಿಯಿತು. ಎರಡನೆಯ ದಿನ ತಿರುಪನ್ನು ಬಿಗಿಯಾಗಿ ಹಿಡಿದುದರಿಂದ ಪುಡಿಯು ಹಿಟ್ಟಿನಂತಾಗಿ ಫಿಲ್ಟರಿನ ರಂಧ್ರಗಳು ಮುಚ್ಚಿಹೋಗಿ ಒಂದು ಘಂಟೆಯಾದರೂ ಅರ್ಧ ಲೋಟವೂ ಇಳಿಯಲಿಲ್ಲ. ಮೂರನೆಯ ದಿನ ಗೃಹಿಣಿಯು ಮಣೆಯನ್ನು ಹಾಕಿಸಿಕೊಂಡು ಪಕ್ಕದಲ್ಲಿ ಕುಳಿತು, “ನಿಧಾನ, ನಿಧಾನ, ತಿರುಪನ್ನು ಕಾಲು ಸುತ್ತು ಸಡಿಲಿಸಿ, ಬೀಜ ಒಂದು ಹಿಡಿ ಸಾಕು” ಎಂದು ಪಾಠವನ್ನು ಹೇಳಿದಳು. ಮೂವತ್ತು ವರ್ಷ ಇತರರಿಗೆ ಪಾಠವನ್ನು ಹೇಳಿದ ನಮಗೆ ಆ ಪಾಠವನ್ನು ಕಲಿಯಲು ಹತ್ತು ದಿನಗಳು ಬೇಕಾದವು. ಅಂಗೈಯಲ್ಲಿ ಎದ್ದ ಬೊಬ್ಬೆಯ ವಿಷಯವನ್ನು ಹೇಳಿಕೊಳ್ಳಲು ನಾಚಿಕೆಯಾಯಿತು.

ಲೆಕ್ಕಮಾಡುವುದು ಉಪಾಧ್ಯಾಯರ ಹುಟ್ಟುಗುಣ. ಇಬ್ಬರಿಗೆ ಬೇಕಾಗುವ ೨೦ ಗ್ರಾಂ ಬೀಜಕ್ಕೆ ಹಿಡಿಯನ್ನು ಸುಮಾರು ೧೫೦ ಸುತ್ತು ತಿರುಗಿಸಬೇಕೆಂದು ನಾವು ಎಣಿಸಿ ತಿಳಿದೆವು. ಬೆಳಗ್ಗೆ ಒಂದು ಸಾರಿ, ಮಧ್ಯಾಹ್ನ ಒಂದು ಸಾರಿ ಎಂದರೆ ದಿನಕ್ಕೆ ೩೦೦ ಸುತ್ತು. ವರ್ಷಕ್ಕೆ ೧,೦೯,೫೦೦. ಮೂವತ್ತು ವರ್ಷಗಳಿಗೆ ೩೨,೮೫,೦೦೦. ಮೂವತ್ತೆರಡು ಲಕ್ಷದ ಎಂಬತ್ತೈದು ಸಾವಿರ ಸುತ್ತು ಆಕೆಯ ತೋಳು ತಿರುಗಿದ ಮೇಲೆ, ಜಗುಲಿಯಲ್ಲಿ ಕುಳಿತು ನಾವು “ಪರವಾಗಿಲ್ಲ” ಎಂದಿದ್ದೆವು. ದೇವಋಣ, ಋಷಿಋಣ, ಪಿತೃಋಣವೆಂಬ ಮೂರು ಋಣಗಳನ್ನು ಕುರಿತು ತರಗತಿಯಲ್ಲಿ ಬಹಳ ಸಾರಿ ಉಪನ್ಯಾಸಮಾಡಿದ್ದೇವೆ. ನಾಲ್ಕನೆಯದೊಂದು ಋಣವು ನಮ್ಮ ಅಡುಗೆಯ ಮನೆಯಲ್ಲಿಯೇ ಬೆಳೆಯುತ್ತಿದ್ದುದು ನಮ್ಮ ಗಮನಕ್ಕೆ ಬಂದಿರಲಿಲ್ಲ.

ಕಟ್ಟನ್ನು ಬಿಚ್ಚಿದ ಮೇಲೆಯೂ ಆಕೆಯ ಮಣಿಕಟ್ಟು ಮೊದಲಿನಂತೆ ತಿರುಗದು. ಯಂತ್ರದ ಹಿಡಿಯು ಅಂದಿನಿಂದ ನಮ್ಮ ಪಾಲಿಗೇ ಉಳಿದಿದೆ. ಮಗನು ವಿದ್ಯುತ್ತಿನ ಯಂತ್ರವೊಂದನ್ನು ತಂದುಕೊಡುವೆನೆಂದನು. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ನಮ್ಮ ತೋಳಿಗೆ ಬಲವಿರುವವರೆಗೆ ಬೇಡವೆಂದೆವು.

ಇನ್ನು ವಿಧಾನದ ವಿಷಯ. ನಾವು ಹೊಸದಾಗಿ ಕಲಿತವರಾದುದರಿಂದ ಹೊಸಬರಿಗೆ ಎಲ್ಲೆಲ್ಲಿ ತೊಡಕಾಗುವುದೆಂಬುದನ್ನು ಬಲ್ಲೆವು.

ಮೊದಲನೆಯದು ಬೀಜದ ಆಯ್ಕೆ. ನಮ್ಮಲ್ಲಿ ಬೆಳೆಯುವ ಕಾಫಿಯಲ್ಲಿ ಅರೇಬಿಕಾ, ರೊಬಸ್ಟಾ ಎಂದು ಎರಡು ಜಾತಿಗಳು. ಅರೇಬಿಕಾ ಎತ್ತರದ ತಂಪು ನೆಲದಲ್ಲಿ ಬೆಳೆಯತಕ್ಕದ್ದು. ಅದರಲ್ಲಿ ಪರಿಮಳವೂ ನವುರಾದ ಹುಳಿಯೂ ಹೆಚ್ಚು. ರೊಬಸ್ಟಾ ತಗ್ಗಿನ ಪ್ರದೇಶಕ್ಕೂ ಹೊಂದಿಕೊಳ್ಳುವ ಗಟ್ಟಿ ಗಿಡ. ಕಹಿಯೂ ಸಾಂದ್ರತೆಯೂ ಅದರಲ್ಲಿ ಹೆಚ್ಚು, ಕೆಫೀನು ಅರೇಬಿಕಾಕ್ಕೆ ಸುಮಾರು ಎರಡರಷ್ಟು. ಹಣ್ಣಿನ ಸಿಪ್ಪೆಯನ್ನು ತೆಗೆದು ತೊಳೆದು ಒಣಗಿಸಿದ ಅರೇಬಿಕಾ ಬೀಜಕ್ಕೆ ಪ್ಲಾಂಟೇಷನ್ ಎಂದೂ, ಹಣ್ಣನ್ನು ಇಡಿಯಾಗಿ ಒಣಗಿಸಿ ಆಮೇಲೆ ಬೀಜವನ್ನು ತೆಗೆದುದಕ್ಕೆ ಚೆರಿ ಎಂದೂ ವ್ಯಾಪಾರದಲ್ಲಿ ಹೆಸರು. ಒಂದು ಹಣ್ಣಿನಲ್ಲಿ ಸಾಮಾನ್ಯವಾಗಿ ಎರಡು ಚಪ್ಪಟೆಯಾದ ಬೀಜಗಳಿರುವುವು, ಕೆಲವೊಮ್ಮೆ ಒಂದೇ ಬೀಜವು ದುಂಡಾಗಿ ಬೆಳೆಯುವುದು, ಅದೇ ಪೀಬರಿ. ಹಾಲು ಬೆರಸಿ ಕುಡಿಯುವ ನಮ್ಮ ಪದ್ಧತಿಗೆ ಮೂರು ಪಾಲು ಅರೇಬಿಕಾಕ್ಕೆ ಒಂದು ಪಾಲು ರೊಬಸ್ಟಾ ಬೆರಸಿದರೆ ಹೊಂದುವುದೆಂಬುದು ನಮ್ಮ ಮನೆಯ ಅನುಭವ. ಅಂಗಡಿಯಲ್ಲಿ ಹುರಿದ ಬೀಜವನ್ನು ಕೊಳ್ಳುವಾಗ ಯಾವ ದಿನ ಹುರಿದುದೆಂದು ತಪ್ಪದೆ ಕೇಳತಕ್ಕದ್ದು. ಹುರಿದ ಎರಡು ಮೂರು ದಿನಗಳ ಮೇಲಿನಿಂದ ಎರಡು ಮೂರು ವಾರಗಳವರೆಗೆ ಬೀಜವು ಉತ್ತಮ ಸ್ಥಿತಿಯಲ್ಲಿರುವುದು. ದಿನಕ್ಕೆ ೪೦ ಗ್ರಾಂ ಬೇಕಾಗುವ ಸಂಸಾರವು ವಾರಕ್ಕೆ ೩೦೦ ಗ್ರಾಂ ತಂದರೆ ಸಾಕು. ಅಗ್ಗವಾಗಿ ದೊರೆಯಿತೆಂದು ಮೂರು ತಿಂಗಳಿಗಾಗುವಷ್ಟು ತಂದಿಡುವುದು ಜಾಣತನವಲ್ಲ.

ಎರಡನೆಯದು ಚಿಕೋರಿ. ಇದು ಕಾಫಿಯಲ್ಲ, ಒಂದು ಗಿಡದ ಬೇರನ್ನು ಒಣಗಿಸಿ ಹುರಿದು ಪುಡಿಮಾಡಿದುದು. ಡಿಕಾಕ್ಷನ್‌ಗೆ ಕಪ್ಪುಬಣ್ಣವನ್ನೂ ಗಟ್ಟಿತನವನ್ನೂ ಕೊಡುವುದು, ಕೆಫೀನು ಇದರಲ್ಲಿಲ್ಲ. ಮಿಶ್ರಣದ ಪುಡಿಯಲ್ಲಿ ಕಾಫಿಯು ನೂರಕ್ಕೆ ೫೧ ಪಾಲಿಗೆ ಕಡಿಮೆ ಇರಕೂಡದೆಂದೂ, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಅಚ್ಚುಹಾಕಿರಬೇಕೆಂದೂ ನಮ್ಮ ದೇಶದಲ್ಲಿ ನಿಯಮವಿದೆ. ಆ ಸಣ್ಣ ಅಕ್ಷರಗಳನ್ನು ಓದುವ ಅಭ್ಯಾಸವನ್ನು ಮಾಡಿಕೊಳ್ಳಿರಿ. ಅರ್ಧಕ್ಕರ್ಧ ಬೇರಿನ ಪುಡಿಗೆ ಕಾಫಿಯ ಬೆಲೆಯನ್ನು ಕೊಡುತ್ತಿರುವುದು ಎಷ್ಟೋ ಮನೆಗಳಲ್ಲಿ ತಿಳಿಯದೆಯೇ ನಡೆಯುತ್ತಿದೆ. ಪರೀಕ್ಷಿಸಬೇಕಾದರೆ ಗಾಜಿನ ಲೋಟದಲ್ಲಿ ತಣ್ಣೀರನ್ನಿಟ್ಟು ಒಂದು ಚಿಟಿಕೆ ಪುಡಿಯನ್ನು ಮೇಲೆ ಉದುರಿಸಿರಿ. ಕಾಫಿಯು ಎಣ್ಣೆಯ ಅಂಶವುಳ್ಳುದಾದುದರಿಂದ ತೇಲುತ್ತಿರುವುದು. ಚಿಕೋರಿಯು ಕೂಡಲೇ ಕಂದುಬಣ್ಣದ ಎಳೆಗಳನ್ನು ಬಿಡುತ್ತ ತಳಕ್ಕಿಳಿಯುವುದು. ಚಿಕೋರಿಯ ರುಚಿಯನ್ನು ಇಷ್ಟಪಡುವವರು ಅದನ್ನು ಬೇರೆಯಾಗಿ ತಂದು ಬಿಗಿಯಾದ ಡಬ್ಬಿಯಲ್ಲಿಟ್ಟು, ತೇವವನ್ನು ಹೀರಿ ಗಂಟಾಗದಂತೆ ನೋಡಿಕೊಂಡು, ಬೀಸಿದ ಪುಡಿಗೆ ತಮಗೆ ಬೇಕಾದಷ್ಟನ್ನು ಮಾತ್ರ ಸೇರಿಸಿಕೊಳ್ಳಬಹುದು.

ಮೂರನೆಯದು ಬೀಜದ ರಕ್ಷಣೆ. ಗಾಳಿ, ಬೆಳಕು, ಶಾಖ, ತೇವ ಇವು ನಾಲ್ಕೂ ಹುರಿದ ಬೀಜಕ್ಕೆ ಶತ್ರುಗಳು. ಬಿಗಿಯಾದ ಮುಚ್ಚಳವುಳ್ಳ ತವರದ ಅಥವಾ ಸ್ಟೀಲಿನ ಡಬ್ಬಿಯಲ್ಲಿ ತುಂಬಿ, ಒಲೆಯಿಂದ ದೂರವಾಗಿ ಕಪಾಟಿನೊಳಗೆ ಇಡತಕ್ಕದ್ದು. ದಿನಕ್ಕೆ ನಾಲ್ಕು ಸಾರಿ ತೆರೆಯುವ ಶೀತಪೆಟ್ಟಿಗೆಯಲ್ಲಿಟ್ಟರೆ ಹೊರತೆಗೆದಾಗಲೆಲ್ಲ ಬೀಜದ ಮೇಲೆ ನೀರಿನ ಹನಿ ಕಟ್ಟುವುದು. ಬೆಳ್ಳುಳ್ಳಿ ಈರುಳ್ಳಿಗಳ ವಾಸನೆಯೂ ಹಿಡಿಯುವುದು. ಇಂಗಿನ ಡಬ್ಬಿಯ ಪಕ್ಕದಲ್ಲಿಡಬಾರದೆಂಬುದನ್ನು ಹೇಳಬೇಕಾದುದಿಲ್ಲ.

ನಾಲ್ಕನೆಯದು ಬೀಸುವಿಕೆ. ಹಲ್ಲುಗಳುಳ್ಳ ಎರಡು ಬಿಲ್ಲೆಗಳ ನಡುವೆ ಬೀಜವು ಅರೆದುಹೋಗುವ ಯಂತ್ರವು ಉತ್ತಮ. ಅದು ಕೈಯಿಂದ ತಿರುಗಲಿ, ವಿದ್ಯುತ್ತಿನಿಂದ ತಿರುಗಲಿ, ಪುಡಿಯು ಒಂದೇ ಸಮನಾಗಿರುವುದು. ಬಿಲ್ಲೆಗಳ ಅಂತರವನ್ನು ತಿರುಪಿನಿಂದ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಹಿತ್ತಾಳೆಯ ಅಥವಾ ಸ್ಟೀಲಿನ ನಮ್ಮ ಫಿಲ್ಟರಿಗೆ ಪುಡಿಯು ಚಿರೋಟಿ ರವೆಗಿಂತ ತುಸು ಸಣ್ಣದಾಗಿಯೂ ಹಿಟ್ಟಿಗಿಂತ ಒರಟಾಗಿಯೂ ಇರಬೇಕು. ಬೆರಳುಗಳ ನಡುವೆ ಉಜ್ಜಿದರೆ ಕಣವು ತಿಳಿಯಬೇಕು. ಒಂದೇ ಸಮನಲ್ಲದ ಪುಡಿಯಲ್ಲಿ ನುಣುಪಾದ ಕಣಗಳಿಂದ ಅತಿಯಾಗಿ ಕಹಿಯೂ, ದಪ್ಪ ಕಣಗಳಿಂದ ಅರೆಬರೆಯಾಗಿ ರಸವೂ ಇಳಿದು ರುಚಿಯು ಕೆಡುವುದು. ಅಂತಹ ಯಂತ್ರವಿಲ್ಲದವರು ಮಿಕ್ಸಿಯನ್ನು ಬಳಸಬಹುದು. ಆದರೆ ಒಂದೇ ಸಮನೆ ಓಡಿಸಿದರೆ ಪುಡಿಯು ಬಿಸಿಯಾಗಿ ಪರಿಮಳವು ಹಾರಿಹೋಗುವುದರಿಂದ ಐದಾರು ಸೆಕೆಂಡು ಓಡಿಸಿ, ನಿಲ್ಲಿಸಿ, ಅಲುಗಿಸಿ, ಮತ್ತೆ ಓಡಿಸತಕ್ಕದ್ದು. ಸಾರಿನ ಪುಡಿಯ ಜಾಡಿಯನ್ನು ಇದಕ್ಕೆ ಬಳಸಬೇಡಿರಿ. ಒಮ್ಮೆ ನಾವು ಬಳಸಿ ಮೆಣಸಿನಕಾಯಿಯ ಕಾಫಿಯನ್ನು ಕುಡಿದಿದ್ದೇವೆ. ಯಂತ್ರದ ಹಲ್ಲುಗಳಲ್ಲಿ ಉಳಿದ ಹಳೆಯ ಪುಡಿಯು ಮುಗ್ಗಿ ಹೊಸದನ್ನೂ ಕೆಡಿಸುವುದರಿಂದ ವಾರಕ್ಕೊಮ್ಮೆ ಒಣಗಿದ ಕುಂಚದಿಂದ ಗುಡಿಸಬೇಕು. ನೀರನ್ನು ಮುಟ್ಟಿಸಿದರೆ ಕಬ್ಬಿಣವು ತುಕ್ಕುಹಿಡಿಯುವುದು.

ಮನೆಯಲ್ಲಿ ಬೀಸಲು ಸಾಧ್ಯವೇ ಇಲ್ಲದವರು, ಕಣ್ಣೆದುರಿಗೆ ಪುಡಿಮಾಡಿಕೊಡುವ ಅಂಗಡಿಯಿಂದ ಒಂದು ಕಿಲೋಗ್ರಾಮಿಗೆ ಬದಲಾಗಿ ೧೦೦ ಗ್ರಾಂನಂತೆ ಆಗಾಗ್ಗೆ ತರಿಸಿಕೊಳ್ಳಲಿ. ಅಷ್ಟರಿಂದಲೇ ಅರ್ಧ ಲಾಭವು ದೊರೆಯುವುದು.

ಐದನೆಯದು ಇಳಿಸುವುದು. ಎರಡು ಲೋಟಕ್ಕೆ ೨೦ ಗ್ರಾಂ ಪುಡಿಯನ್ನು ಫಿಲ್ಟರಿನ ಮೇಲಿನ ಪಾತ್ರೆಯಲ್ಲಿ ಹಾಕಿ, ಒತ್ತುಬಿಲ್ಲೆಯಿಂದ ಹಗುರವಾಗಿ ಸಮಮಾಡಿ, ಕುದಿದು ಅರ್ಧ ನಿಮಿಷ ಆರಿದ ನೀರನ್ನು ಮೊದಲು ಸ್ವಲ್ಪ, ಪುಡಿಯು ನೆನೆದು ಉಬ್ಬಿದ ಮೇಲೆ ಉಳಿದುದನ್ನು ಸುತ್ತಲೂ ಎರೆಯಿರಿ. ಹೊಸ ಪುಡಿಯು ಉಬ್ಬಿ ಗುಳ್ಳೆಗಳನ್ನು ಬಿಡುವುದು. ಹಳೆಯದು ಕೆಸರಿನಂತೆ ಸುಮ್ಮನೆ ಕುಳಿತುಬಿಡುವುದು. ಪುಡಿಯ ವಯಸ್ಸನ್ನು ತಿಳಿಯಲು ಇದಕ್ಕಿಂತ ಸುಲಭವಾದ ಗುರುತು ಬೇರೊಂದಿಲ್ಲ. ಕಾಲು ಘಂಟೆಯಲ್ಲಿ ಇಳಿದ ಡಿಕಾಕ್ಷನ್ ಅನ್ನು ಮತ್ತೆ ಒಲೆಯ ಮೇಲಿಟ್ಟು ಕುದಿಸದೆ, ಬಿಸಿಯಾದ ಹಾಲಿಗೆ ಬೆರಸಿ ಕೂಡಲೇ ಕುಡಿಯತಕ್ಕದ್ದು.

ಇವೆಲ್ಲ ಬರಿಯ ಭ್ರಮೆಯಲ್ಲವೆ ಎಂದು ಕೇಳುವವರಿಗೆ ನಾವು ವಾದವನ್ನು ಹೂಡುವುದಿಲ್ಲ. ಒಂದು ಪರೀಕ್ಷೆಯನ್ನು ಮಾತ್ರ ಸೂಚಿಸುತ್ತೇವೆ. ಒಂದೇ ಡಬ್ಬಿಯ ಬೀಜದಲ್ಲಿ ಒಂದು ಹಿಡಿಯನ್ನು ಇಂದು ಪುಡಿಮಾಡಿ ಕಾಗದದಲ್ಲಿ ಕಟ್ಟಿಡಿರಿ. ಹತ್ತು ದಿನಗಳ ಮೇಲೆ ಅದೇ ಬೀಜವನ್ನು ಹೊಸದಾಗಿ ಬೀಸಿ, ಎರಡನ್ನೂ ಬೇರೆ ಬೇರೆಯಾಗಿ ಇಳಿಸಿ, ಯಾವುದು ಯಾವುದೆಂದು ಹೇಳದೆ ಮನೆಯವರಿಗೆ ಕೊಡಿರಿ. ಮಕ್ಕಳೂ ಬೇಕಾದರೆ ಮೂಸಿಯೇ ತೀರ್ಪನ್ನು ಹೇಳಲಿ.

ಕಡೆಯದಾಗಿ ಒಂದು ಮಾತು. ಆಗಿಂದಾಗ ಬೀಸಿದ ಕಾಫಿಯು ಉತ್ತಮವೆಂಬ ನಮ್ಮ ಅಭಿಪ್ರಾಯದಲ್ಲಿ ಲೇಶವಾದರೂ ಬದಲಾವಣೆಯಿಲ್ಲ. ಆದರೆ ಆ ಉತ್ತಮವಾದುದು ಬೇಕೆಂದು ಕೇಳುವವನೇ ಅದರ ಹಿಡಿಯನ್ನೂ ಹಿಡಿಯಬೇಕೆಂಬುದು ಈಗ ಅದಕ್ಕೆ ಸೇರಿದೆ. ಬೆಳಗಿನ ಹೊತ್ತು ಮನೆಯ ಹೆಂಗಸರಿಗೆ ಕೆಲಸವು ಅತಿಯಾಗಿ ಒದಗುವ ಕಾಲ. ಗಂಡಸರು ವೃತ್ತಪತ್ರಿಕೆಗಾಗಿ ಕಾಯುತ್ತ ಕುಳಿತಿರುವ ಕಾಲವೂ ಅದೇ. ಐದು ನಿಮಿಷದ ಈ ಕೆಲಸಕ್ಕೆ ವಿದ್ಯೆ ಬೇಡ, ಬಲವೂ ಹೆಚ್ಚಾಗಿ ಬೇಡ. ಪುಡಿಯ ಗುಣದೋಷಗಳನ್ನು ವಿಚಾರಿಸುವ ಅಧಿಕಾರವು ಬೀಸಿದವರಿಗೆ ಸಲ್ಲತಕ್ಕದ್ದೆಂದು ನಾವು ಮೊದಲು ಭಾವಿಸಿದ್ದೆವು. ಅದೂ ಸರಿಯಲ್ಲವೆಂದು ತಿಳಿದುಬಂದಿದೆ.

ಈ ಎರಡು ವರ್ಷಗಳಲ್ಲಿ ನಾವು ತಿರುಗಿಸಿರುವುದು ಎರಡು ಲಕ್ಷದ ಹತ್ತೊಂಬತ್ತು ಸಾವಿರ ಸುತ್ತು. ಮೂವತ್ತು ಲಕ್ಷಕ್ಕೂ ಮಿಕ್ಕ ಬಾಕಿಯನ್ನು ತೀರಿಸಲು ಈ ಆಯುಷ್ಯವು ಸಾಲದೆಂಬುದನ್ನು ಬಲ್ಲೆವು. ಬಡ್ಡಿಯನ್ನಾದರೂ ಕಟ್ಟುತ್ತಿರೋಣವೆಂದು ಮುಂಜಾನೆ ಏಳುತ್ತೇವೆ. ಈಗ ಜಗುಲಿಯಲ್ಲಿ ಕುಳಿತಿರುವವಳು ಆಕೆ. ಲೋಟವನ್ನು ಎಡಗೈಯಿಂದ ತೆಗೆದುಕೊಂಡು, ಮೊದಲ ಗುಟುಕನ್ನು ಕುಡಿದು, ಇಂದು ಬೆಳಗ್ಗೆ ಆಕೆ ಕೊಟ್ಟ ತೀರ್ಪು: “ಸ್ವಲ್ಪ ದಪ್ಪವಾಯಿತು. ನಾಳೆ ತಿರುಪನ್ನು ಬಿಗಿಮಾಡಿ.”